ಗಂಧದ ಸೋಪಿಗೆ ಒಂದು ಮುಖ: ಮೈಸೂರು ಸ್ಯಾಂಡಲ್ ರಾಯಭಾರಿ ವಿವಾದದ ಅಧ್ಯಯನ

2025ರ ಮೇ 22ರಂದು ಹೊರಬಿದ್ದ ಸರ್ಕಾರಿ ಆದೇಶವೊಂದು, ಮೈಸೂರು ಸ್ಯಾಂಡಲ್ ಸೋಪನ್ನು ತಯಾರಿಸುವ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತದ, ಅಂದರೆ ಎಲ್ಲರೂ ಕರೆಯುವ ಕೆಎಸ್‌ಡಿಎಲ್‌ನ, ಪ್ರಚಾರ ರಾಯಭಾರಿಯಾಗಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷ ಎರಡು ದಿನಗಳ ಅವಧಿಗೆ ನೇಮಿಸಿತು. ಸಂಭಾವನೆ ₹6.20 ಕೋಟಿ. ಸುದ್ದಿ ಹೊರಬಿದ್ದ ಕೂಡಲೇ, ಕನ್ನಡದ ನಟಿಯರನ್ನು ಬಿಟ್ಟು ಹೊರಗಿನವರಿಗೆ ಇಷ್ಟು ಹಣ ಕೊಟ್ಟು ಈ ಕೆಲಸ ಕೊಟ್ಟದ್ದೇಕೆ ಎಂಬ ಆಕ್ಷೇಪ ಜಾಲತಾಣಗಳಲ್ಲಿ ಶುರುವಾಯಿತು. ಒಂದೆರಡು ದಿನಗಳಲ್ಲಿ ಅದು ಸುದ್ದಿವಾಹಿನಿಗಳ ಚರ್ಚೆಗೂ ಕನ್ನಡಪರ ಸಂಘಟನೆಗಳ ಪ್ರತಿಭಟನೆಗೂ ವಿರೋಧ ಪಕ್ಷದ ಹೇಳಿಕೆಗಳಿಗೂ ವಸ್ತುವಾಗಿ, ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು ಸ್ವತಃ ಸಮರ್ಥನೆಗೆ ನಿಲ್ಲಬೇಕಾಯಿತು.

ಜಾಹೀರಾತುಗಳ ಮೂಲಕ ಒಂದು ಸಮಾಜದ ಮೌಲ್ಯಗಳನ್ನು ತಿಳಿಯಲು ಹೊರಟವರು ಸಾಮಾನ್ಯವಾಗಿ ಜಾಹೀರಾತಿನ ಒಳಗೇ ಹುಡುಕುತ್ತಾರೆ. ಅಡುಗೆಮನೆಯಲ್ಲಿ ನಿಂತವರು ಯಾರು, ಕಾರು ಓಡಿಸುವವರು ಯಾರು, ಯಾವ ಬಣ್ಣದ ಚರ್ಮಕ್ಕೆ ಕೆಲಸ ಸಿಗುತ್ತದೆ ಎಂಬ ಪ್ರಶ್ನೆಗಳು ಅಲ್ಲಿ ಬರುತ್ತವೆ. ಈ ಪ್ರಕರಣದಲ್ಲಿ ಹಾಗೆ ಹುಡುಕಲು ಜನರ ಮುಂದೆ ಜಾಹೀರಾತೇ ಇರಲಿಲ್ಲ. ಇದ್ದದ್ದು ಒಂದು ಹೆಸರು ಮತ್ತು ಒಂದು ಮೊತ್ತ. ಅಷ್ಟಕ್ಕೇ ಇಷ್ಟು ದೊಡ್ಡ ಪ್ರತಿಕ್ರಿಯೆ ಬಂದಿತೆಂದರೆ, ಈ ಸೋಪಿನ ಬಗ್ಗೆ ಕನ್ನಡಿಗರಲ್ಲಿ ಮೊದಲೇ ನೆಲೆಗೊಂಡಿದ್ದ, ಆದರೆ ಯಾರೂ ಬಾಯಿಬಿಟ್ಟು ಹೇಳಿರದ ಕೆಲವು ಒಪ್ಪಂದಗಳು ಮುರಿದವೆಂದೇ ಅರ್ಥ. ಆ ಒಪ್ಪಂದಗಳು ಯಾವುವು ಎಂಬುದನ್ನು ವಿವಾದದಲ್ಲಿ ಎದ್ದ ಮಾತುಗಳಿಂದಲೇ ಬಿಡಿಸಿ ನೋಡುವುದು ಈ ಬರಹದ ಕೆಲಸ.

ಸೋಪಿನ ಹುಟ್ಟು

ಈ ಸೋಪು ಹುಟ್ಟಿದ್ದು ವ್ಯಾಪಾರದ ಬಿಕ್ಕಟ್ಟಿನಿಂದ. ಮೈಸೂರು ಸಂಸ್ಥಾನದ ಕಾಡುಗಳ ಶ್ರೀಗಂಧ ಬಹುಕಾಲ ಕೊರಡಾಗಿಯೇ ಹಡಗು ಹತ್ತಿ ಯುರೋಪಿಗೆ, ಅದರಲ್ಲೂ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಆ ದಾರಿ ಮುಚ್ಚಿತು. ಖಜಾನೆಗೆ ದೊಡ್ಡ ವರಮಾನ ತರುತ್ತಿದ್ದ ಮರ ಗೋದಾಮುಗಳಲ್ಲಿ ಬಿದ್ದುಕೊಂಡಾಗ, ಎಣ್ಣೆಯನ್ನು ಇಲ್ಲೇ ತೆಗೆಯಬಾರದೇಕೆ ಎಂಬ ಪ್ರಶ್ನೆ ತಾನಾಗಿ ಎದ್ದಿತು. ಸಂಸ್ಥಾನದ ಕೈಗಾರಿಕಾ ವಿಭಾಗದ ಹೊಣೆ ಹೊತ್ತಿದ್ದ ಆಲ್ಫ್ರೆಡ್ ಚಾಟರ್ಟನ್ ಅವರ ಆಸಕ್ತಿಯಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಪ್ರಯೋಗ ಮಾಡಿ ರೂಪಿಸಿಕೊಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ, ಇವೆರಡೂ ಕೂಡಿದ್ದ ಕಾಲ ಅದು. ಎಣ್ಣೆಯಿಂದ ಸೋಪಿಗೆ ಒಂದೇ ಹೆಜ್ಜೆ ಉಳಿದಿತ್ತು. ವಿದೇಶಿ ಅತಿಥಿಗಳು ಮೈಸೂರಿನ ಗಂಧದೆಣ್ಣೆ ಸೇರಿಸಿ ತಯಾರಿಸಿದ ಸೋಪನ್ನು ಮಹಾರಾಜರಿಗೆ ಕಾಣಿಕೆ ಕೊಟ್ಟರೆಂದೂ ಅದನ್ನು ಕಂಡು ಅವರಿಗೆ ಈ ಆಲೋಚನೆ ಬಂದಿತೆಂದೂ ಒಂದು ಕಥೆಯಿದೆ. ಕಂಪನಿ ಮಾತ್ರ ತನ್ನ ಹುಟ್ಟಿದ ವರ್ಷವನ್ನು 1916 ಎಂದು ಎಣಿಸುತ್ತದೆ.

ಸೋಪಿನ ಶಾಸ್ತ್ರ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದ ರಸಾಯನ ವಿಜ್ಞಾನಿ ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನ ಅವರನ್ನು ಸೋಪು ಶಾಸ್ತ್ರಿಗಳೆಂದೇ ಕರೆದರು. ಗಂಧದ ಪರಿಮಳವನ್ನು ಸೋಪಿನಲ್ಲಿ ಹಿಡಿದಿಟ್ಟವರು ಅವರೇ, ಅದಕ್ಕೆ ರೂಪ ಕೊಟ್ಟವರೂ ಅವರೇ. ಅಂದಿನ ಸೋಪುಗಳು ಬಹುತೇಕ ಆಯತಾಕಾರದಲ್ಲಿದ್ದರೆ ಇದು ಅಂಡಾಕಾರದಲ್ಲಿ ಬಂತು. ಆಭರಣದ ಪೆಟ್ಟಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪೊಟ್ಟಣವನ್ನು ರೂಪಿಸಲಾಯಿತು. ಲಾಂಛನವಾಗಿ ಶರಭವನ್ನು ಆರಿಸಿಕೊಂಡರು. ಸಿಂಹದ ಮೈ ಮತ್ತು ಆನೆಯ ತಲೆಯಿರುವ ಆ ಪುರಾಣದ ಮೃಗ ಇಂದಿಗೂ ಪೊಟ್ಟಣದ ಮೇಲಿದೆ. ಪ್ರಚಾರದಲ್ಲಿಯೂ ಶಾಸ್ತ್ರಿಗಳು ಹಿಂದೆ ಬೀಳಲಿಲ್ಲ. ದೇಶದ ಹಲವು ನಗರಗಳಲ್ಲಿ ನಿಯಾನ್ ಫಲಕಗಳು ಬೆಳಗಿದವು, ಟಿಕೆಟ್ಟುಗಳ ಮೇಲೆ ಮತ್ತು ಬೆಂಕಿಪೊಟ್ಟಣಗಳ ಮೇಲೆ ಸೋಪಿನ ಚಿತ್ರ ಅಚ್ಚಾಯಿತು, ಕರಾಚಿಯಲ್ಲಿ ಸೋಪಿಗಾಗಿ ಒಂಟೆಗಳ ಮೆರವಣಿಗೆಯೇ ನಡೆಯಿತು. ಹೊರಗಿನ ಮಾರುಕಟ್ಟೆಗೆ ಹೋಗುವ ಹಂಬಲ ಈ ಸೋಪಿಗೆ 2025ರಲ್ಲಿ ಹೊಸದಾಗಿ ಬಂದದ್ದಲ್ಲ ಎಂಬುದನ್ನು ಇಲ್ಲೇ ಗಮನಿಸಿಡಬೇಕು, ಏಕೆಂದರೆ ವಿವಾದದ ಭರದಲ್ಲಿ ಎರಡೂ ಕಡೆಯವರು ಇದನ್ನು ಮರೆತಂತಿತ್ತು.

ಮುಂದಿನದು ಚುಟುಕಾಗಿ: 1980ರಲ್ಲಿ ಮೈಸೂರು ಮತ್ತು ಶಿವಮೊಗ್ಗದ ಗಂಧದೆಣ್ಣೆ ಕಾರ್ಖಾನೆಗಳನ್ನೂ ಸೇರಿಸಿಕೊಂಡು ಕೆಎಸ್‌ಡಿಎಲ್ ಕಂಪನಿಯಾಯಿತು, 1990ರ ದಶಕದ ಆರಂಭದಲ್ಲಿ ನಷ್ಟಕ್ಕೆ ಸಿಕ್ಕಿ ರೋಗಗ್ರಸ್ತ ಉದ್ದಿಮೆಗಳ ಪಟ್ಟಿಗೆ ಬಿತ್ತು, ಬಳಿಕ ಚೇತರಿಸಿಕೊಂಡಿತು. 2006ರಲ್ಲಿ ಸೋಪಿಗೆ ಭೌಗೋಳಿಕ ಸೂಚಕದ, ಅಂದರೆ ಸರಕಿನ ಹೆಸರು ಅದು ಹುಟ್ಟಿದ ನೆಲಕ್ಕೇ ಸೇರಿದ್ದೆಂಬ, ಮಾನ್ಯತೆ ದೊರೆಯಿತು. ವಿವಾದದ ಹೊತ್ತಿಗೆ ಕಂಪನಿಯ ವಾರ್ಷಿಕ ವಹಿವಾಟು ₹1,700 ಕೋಟಿಯನ್ನು ದಾಟಿತ್ತು.

ಮುಖವಿಲ್ಲದ ಪ್ರಚಾರ

ಭಾರತದಲ್ಲಿ ಸೋಪಿನ ಜಾಹೀರಾತು ಎಂದರೆ ತಾರೆಯ ಮುಖ ಎಂಬ ಪದ್ಧತಿಯನ್ನು ಗಟ್ಟಿಗೊಳಿಸಿದ್ದು ಲಕ್ಸ್. 1941ರಲ್ಲಿ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡ ಲೀಲಾ ಚಿಟ್ನಿಸ್ ಆ ಸಾಲಿನ ಮೊದಲ ಭಾರತೀಯ ನಟಿ. ಅವರು ಹುಟ್ಟಿದ್ದು ಧಾರವಾಡದಲ್ಲಿ ಎಂಬುದನ್ನು ಈ ವಿವಾದದಲ್ಲಿ ಯಾರಾದರೂ ನೆನೆದಿದ್ದರೆ ಚೆನ್ನಾಗಿತ್ತು. ಲಕ್ಸ್ ಮಾರುತ್ತಿದ್ದದ್ದು ಒಂದು ಆಸೆಯನ್ನು. ಪರದೆಯ ಮೇಲಿನ ಚೆಲುವೆ ಬಳಸುವ ಸೋಪನ್ನು ನೀವೂ ಕೆಲವು ಆಣೆಗಳಿಗೆ ಬಳಸಬಹುದು ಎಂಬ ಭರವಸೆ ಅದರಲ್ಲಿತ್ತು.

ಮೈಸೂರು ಸ್ಯಾಂಡಲ್ ಜನರ ಮನಸ್ಸಿನಲ್ಲಿ ನೆಲೆಯೂರಿದ್ದು ಬೇರೆ ದಾರಿಯಿಂದ. ಅದಕ್ಕೆ ಒಬ್ಬ ನಟಿಯ ಮುಖವಾಗಲಿ ನಟನ ಮುಖವಾಗಲಿ ಅಂಟಿಕೊಳ್ಳಲಿಲ್ಲ. ಅದನ್ನು ನೆನೆದರೆ ಕಣ್ಣಿಗೆ ಬರುವುದು ಪೊಟ್ಟಣ, ಮೂಗಿಗೆ ಬರುವುದು ಗಂಧ. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಇದು ದಿನಬಳಕೆಯ ಸೋಪಾಗಿರಲಿಲ್ಲ. ದಿನಕ್ಕೆ ಅಗ್ಗದ ಸೋಪೊಂದು ಇರುತ್ತಿತ್ತು, ಗಂಧದ ಸೋಪು ನೆಂಟರು ಬಂದಾಗ, ಹಬ್ಬದ ಎಣ್ಣೆನೀರಿನ ದಿನ, ಮದುವೆಯ ಮನೆಯಲ್ಲಿ ಹೊರಗೆ ಬರುತ್ತಿತ್ತು. ಖಾಲಿ ಪೊಟ್ಟಣವನ್ನು ಎಸೆಯದೆ ಬೀರುವಿನ ರೇಷ್ಮೆ ಸೀರೆಗಳ ನಡುವೆ ಇಡುತ್ತಿದ್ದರು. ವಿದೇಶದಲ್ಲಿರುವ ಮಕ್ಕಳ ಮನೆಗೆ ಹೊರಟ ತಾಯಿತಂದೆಯರ ಪೆಟ್ಟಿಗೆಯಲ್ಲಿ ಸಾರಿನಪುಡಿ, ಚಟ್ನಿಪುಡಿಗಳ ಜೊತೆಗೆ ಅದು ಇಂದಿಗೂ ಹೋಗುತ್ತದೆ. ಕೊಳ್ಳುವವರಿಗಿಂತ ಕೊಡುವವರ ಕೈಯಲ್ಲಿ ಹೆಚ್ಚು ಅರ್ಥ ಪಡೆಯುವ ಸರಕು ಇದು. ಹೀಗೆ ಕೊಡುವಾಗ ಸೋಪಿನ ಜೊತೆಗೆ ಊರಿನ ಹೆಸರೂ, ಸರ್ಕಾರದ ಮೊಹರೂ, ಅರಸರ ನೆನಪೂ ಒಟ್ಟಿಗೆ ದಾಟುತ್ತವೆ. ಕಂಪನಿ ಹಣ ಖರ್ಚು ಮಾಡದೆ ನಡೆದ ಈ ಪ್ರಚಾರದಲ್ಲಿ ರಾಯಭಾರಿಗಳ ಕೆಲಸ ಮಾಡಿದವರು ಬಳಸುವವರೇ.

2025ರಲ್ಲಿ ನಟಿಯೂ ಮಂಡ್ಯದ ಮಾಜಿ ಸಂಸದೆಯೂ ಆದ ರಮ್ಯಾ ಅವರು ಎತ್ತಿದ ಆಕ್ಷೇಪದ ಸಾರವೂ ಇದೇ ಆಗಿತ್ತು: ತಾರೆಯರಿಂದ ಪ್ರಚಾರ ಮಾಡಿಸುವುದು ಹಳೆಯ ಕಾಲದ ವಿಧಾನ, ಈ ಸೋಪಿಗೆ ಪ್ರತಿಯೊಬ್ಬ ಕನ್ನಡಿಗನೂ ರಾಯಭಾರಿಯೇ, ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಅವರು ಆಳುವ ಪಕ್ಷಕ್ಕೇ ಸೇರಿದವರಾದ್ದರಿಂದ ಈ ಮಾತಿಗೆ ಹೆಚ್ಚಿನ ತೂಕ ಬಂತು. ವಿವಾದದಲ್ಲಿ ಬಂದ ಮಾತುಗಳಲ್ಲೆಲ್ಲ ನನಗೆ ಇದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಇದು ಆಯ್ಕೆಯಾದ ನಟಿಯನ್ನು ಬಿಟ್ಟು ಆಯ್ಕೆ ಎಂಬುದನ್ನೇ ಪ್ರಶ್ನಿಸುತ್ತದೆ.

ಸಚಿವರ ಲೆಕ್ಕ

ಪಾಟೀಲರ ಸಮರ್ಥನೆ ವ್ಯವಹಾರದ ಭಾಷೆಯಲ್ಲಿತ್ತು, ಅದರಲ್ಲಿ ಅಡ್ಡಮಾತು ಇರಲಿಲ್ಲ. ಕನ್ನಡ ಚಿತ್ರರಂಗದ ಬಗ್ಗೆ ಕಂಪನಿಗೆ ಅಪಾರ ಗೌರವವಿದೆ. ಮೈಸೂರು ಸ್ಯಾಂಡಲ್‌ಗೆ ಕರ್ನಾಟಕದೊಳಗೆ ಒಳ್ಳೆಯ ಹೆಸರು ಇದ್ದೇ ಇದೆ, ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಈಗಿನ ಗುರಿ ಹೊರರಾಜ್ಯಗಳ ಮಾರುಕಟ್ಟೆಯನ್ನು ಹಿಡಿಯುವುದು. ಮಾರುಕಟ್ಟೆ ತಜ್ಞರ ಸಲಹೆ ಪಡೆದು ಕಂಪನಿಯ ಮಂಡಳಿಯೇ ಸ್ವತಂತ್ರವಾಗಿ ತೆಗೆದುಕೊಂಡ ತೀರ್ಮಾನ ಇದು. 2028ರ ಹೊತ್ತಿಗೆ ವಾರ್ಷಿಕ ವರಮಾನವನ್ನು ₹5,000 ಕೋಟಿಗೆ ಏರಿಸಬೇಕಾಗಿದೆ. ರಾಯಭಾರಿಯನ್ನು ಆರಿಸುವಾಗ ಅವರ ಲಭ್ಯತೆ, ಸ್ಪರ್ಧಿ ಸರಕುಗಳೊಂದಿಗೆ ಒಪ್ಪಂದ ಇಲ್ಲದಿರುವುದು, ಜಾಲತಾಣಗಳಲ್ಲಿನ ಹಿಂಬಾಲಕರು, ಸರಕಿಗೆ ಹೊಂದಿಕೆಯಾಗುವ ವ್ಯಕ್ತಿತ್ವ, ತಲುಪುವ ವ್ಯಾಪ್ತಿ ಇವನ್ನೆಲ್ಲ ನೋಡಲಾಗಿದೆ ಎಂದೂ ಅವರು ವಿವರಿಸಿದರು.

ಅಂಕಿಗಳ ಮಟ್ಟಿಗೆ ಈ ವಾದವನ್ನು ಅಲ್ಲಗಳೆಯುವುದು ಸುಲಭವಲ್ಲ. ₹6.20 ಕೋಟಿಯನ್ನು ಎರಡು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ₹3.10 ಕೋಟಿಯಾಗುತ್ತದೆ, ₹1,700 ಕೋಟಿ ಮೀರಿದ ವಹಿವಾಟಿನಲ್ಲಿ ಅದು ನೂರು ರೂಪಾಯಿಗೆ ಕಾಲು ರೂಪಾಯಿಯೂ ಅಲ್ಲ. ಮುಂಬೈಯಲ್ಲಿ ಹುಟ್ಟಿ ತೆಲುಗು, ತಮಿಳು, ಹಿಂದಿ ಚಿತ್ರಗಳಲ್ಲಿ ಹೆಸರು ಮಾಡಿ, ಕನ್ನಡ ಚಿತ್ರಗಳ ಹಾಡುಗಳಲ್ಲೂ ಕಾಣಿಸಿಕೊಂಡ ನಟಿಯನ್ನು ಹೈದರಾಬಾದಿನಲ್ಲಿ, ಚೆನ್ನೈಯಲ್ಲಿ, ಇಂದೋರಿನಲ್ಲಿ ಗುರುತಿಸುವವರ ಸಂಖ್ಯೆ ಕನ್ನಡದ ಯುವನಟಿಯೊಬ್ಬರನ್ನು ಗುರುತಿಸುವವರಿಗಿಂತ ದೊಡ್ಡದು ಎಂಬುದು ಅಪ್ರಿಯವಾದರೂ ನಿಜ. ಸೋಪಿಗೆ ತೆಲುಗು ಸೀಮೆಯಲ್ಲಿ ಹಳೆಯ, ನಿಷ್ಠಾವಂತ ಬಳಕೆದಾರರಿದ್ದಾರೆ. 2024ರ ಜನವರಿಯಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪು ತಯಾರಿಸುತ್ತಿದ್ದ ಜಾಲ ಪತ್ತೆಯಾದದ್ದು ಹೈದರಾಬಾದಿನಲ್ಲಿ, ಬೇಡಿಕೆಯಿಲ್ಲದ ಕಡೆ ನಕಲು ತಯಾರಾಗುವುದಿಲ್ಲ. ತಲೆಮಾರುಗಳಿಂದ ಈ ಸೋಪಿನಲ್ಲೇ ಸ್ನಾನ ಮಾಡುತ್ತಿರುವ ತೆಲುಗು ಮನೆಯವರಿಗೆ, ಇದು ಕನ್ನಡಿಗರದ್ದು ಮಾತ್ರ ಎಂಬ ವಾದ ವಿಚಿತ್ರವಾಗಿ ಕೇಳಿಸಿದರೆ ತಪ್ಪೇನಿಲ್ಲ.

ಆದರೂ ಸಮರ್ಥನೆಯ ಒಂದು ವಾಕ್ಯ ಉದ್ದೇಶಕ್ಕೆ ವಿರುದ್ಧವಾದ ಪರಿಣಾಮ ಮಾಡಿತೆಂದು ನನ್ನ ಅಂದಾಜು. ಕರ್ನಾಟಕದಲ್ಲಿ ಹೆಸರು ಇದ್ದೇ ಇದೆ, ಆದ್ದರಿಂದ ಹೊರಗಿನವರಿಗಾಗಿ ಈ ಆಯ್ಕೆ ಎಂಬ ಮಾತನ್ನು ಮಂಡಳಿಯ ಸಭೆಯಲ್ಲಿ ಆಡಿದರೆ ಅದು ತಂತ್ರ. ಸಾರ್ವಜನಿಕವಾಗಿ ಆಡಿದಾಗ ಅದನ್ನು ಕೇಳಿಸಿಕೊಳ್ಳುವವರು ಇಲ್ಲಿಯ ಗ್ರಾಹಕರೇ. ನಿಮ್ಮ ನಿಷ್ಠೆಯನ್ನು ನಾವು ಮೊದಲೇ ಜಮೆ ಮಾಡಿಕೊಂಡಿದ್ದೇವೆ, ಇನ್ನು ನಿಮ್ಮನ್ನು ಒಲಿಸಿಕೊಳ್ಳುವ ಅಗತ್ಯವಿಲ್ಲ ಎಂದು ಅವರಿಗೆ ಅದು ಕೇಳಿಸಿತು. ಮಗಳ ಮದುವೆಯ ಕರೆಯೋಲೆಯನ್ನು ಊರಿಗೆಲ್ಲ ಹಂಚಿ, ಮನೆಯವರು ಹೇಗೂ ಬಂದೇ ಬರುತ್ತಾರೆಂದು ಸೋದರಮಾವನನ್ನು ಕರೆಯದೆ ಬಿಟ್ಟಂತಾಯಿತು ಇದು. ಸೋದರಮಾವ ಸಿಟ್ಟಾಗುವುದು ಊಟ ತಪ್ಪಿತೆಂದಲ್ಲ.

ಆದೇಶದ ರೂಪವೂ ಈ ಗೊಂದಲಕ್ಕೆ ಕಾರಣವಾಯಿತು. ಖಾಸಗಿ ಕಂಪನಿ ಯಾರಿಗೆ ಎಷ್ಟು ಕೊಟ್ಟಿತು ಎಂಬುದು ಅದರ ಒಳಗುಟ್ಟಾಗಿ ಉಳಿಯುತ್ತದೆ. ಸರ್ಕಾರಿ ಕಂಪನಿಯ ನೇಮಕಕ್ಕೆ, ಟೆಂಡರ್ ಕರೆಯಬೇಕೆನ್ನುವ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಯಡಿ ವಿನಾಯಿತಿಯ ಆದೇಶ ಬೇಕು, ಆದೇಶದಲ್ಲಿ ಮೊತ್ತ ಬರೆಯಬೇಕು. ಹೀಗಾಗಿ ಸೋಪಿನ ಹೊಸ ಜಾಹೀರಾತು ಜನರನ್ನು ತಲುಪುವ ಮುನ್ನವೇ ಅದರ ಬೆಲೆಪಟ್ಟಿ ತಲುಪಿತು. ಅದು ತೆರಿಗೆ ಹಣವೇ, ಕಂಪನಿಯ ಲಾಭದಿಂದ ಬಂದದ್ದೇ ಎಂಬ ವ್ಯತ್ಯಾಸವನ್ನು ಬಿಡಿಸಿ ನೋಡುವ ತಾಳ್ಮೆ ಆ ದಿನಗಳಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಅದನ್ನು ಬಿಡಿಸಿ ಹೇಳಿದ್ದರೂ ಸಿಟ್ಟು ಇಳಿಯುತ್ತಿತ್ತೆಂದು ನನಗನಿಸುವುದಿಲ್ಲ. ಆಕ್ಷೇಪಿಸಿದವರ ಭಾವನೆಯಲ್ಲಿ ಕಂಪನಿಯ ಲಾಭವೂ ನಾಡಿನ ಹಣವೇ.

ಹಣ ಮುಟ್ಟದ ನಂದಿನಿ

ಮೊತ್ತ ಇಷ್ಟು ಚುಚ್ಚಿದ್ದೇಕೆಂದು ತಿಳಿಯಬೇಕಾದರೆ ನಾಡಿನ ಇನ್ನೊಂದು ಹೆಸರಿನ ಕಡೆ ನೋಡಬೇಕು. ಕರ್ನಾಟಕ ಹಾಲು ಮಹಾಮಂಡಳದ ನಂದಿನಿಗೆ ಡಾ. ರಾಜ್‌ಕುಮಾರ್ ಪ್ರಚಾರ ಮಾಡಿದ್ದರು, ಸಂಭಾವನೆ ಪಡೆಯಲಿಲ್ಲ. ಇತರ ಸರಕುಗಳ ಜಾಹೀರಾತಿನಿಂದ ದೂರವೇ ಉಳಿದಿದ್ದ ಅವರು ಹಾಲಿಗಾಗಿ, ಹಾಲು ಹಾಕುವ ರೈತರಿಗಾಗಿ ಒಪ್ಪಿದರು ಎಂಬುದು ಜನರ ನೆನಪಿನಲ್ಲಿ ಇಂದಿಗೂ ಇದೆ. ಅವರ ನಂತರ ಪುನೀತ್ ರಾಜ್‌ಕುಮಾರ್ ಅದೇ ಕೆಲಸವನ್ನು ಹಾಗೆಯೇ ಮುಂದುವರಿಸಿದರು. ಪುನೀತ್ ತೀರಿಕೊಂಡ ಬಳಿಕ, 2023ರಲ್ಲಿ, ಶಿವರಾಜ್‌ಕುಮಾರ್ ರಾಯಭಾರಿಯಾಗಲು ಒಪ್ಪಿದಾಗ ಅವರೂ ಹಣ ಮುಟ್ಟಲಿಲ್ಲ.

ಒಂದೇ ಕುಟುಂಬದ ಎರಡು ತಲೆಮಾರಿನ ಮೂವರು ಹೀಗೆ ನಡೆದುಕೊಂಡದ್ದರಿಂದ, ನಾಡಿನ ಸರಕಿಗೆ ಪ್ರಚಾರ ಮಾಡುವುದು ಕೂಲಿಗೆ ಮಾಡುವ ಕೆಲಸವಲ್ಲ, ಋಣ ತೀರಿಸುವ ಕೆಲಸ ಎಂಬ ಎಣಿಕೆ ಕನ್ನಡಿಗರಲ್ಲಿ ಬೇರೂರಿದೆ. ಯಾವ ಕಾಯ್ದೆಯಲ್ಲಿಯೂ ಇಲ್ಲದ, ಮಾರುಕಟ್ಟೆಯ ಯಾವ ಪಾಠದಲ್ಲಿಯೂ ಬರದ ನಿಯಮ ಇದು. ಇದರ ಎದುರು ₹6.20 ಕೋಟಿ ಎಂಬ ಅಂಕಿ ಬಂದಾಗ ಜನ ಅದನ್ನು ಕಂಪನಿಯ ವಹಿವಾಟಿಗೆ ಹೋಲಿಸಲಿಲ್ಲ, ಸೊನ್ನೆಗೆ ಹೋಲಿಸಿದರು. ಆಯ್ಕೆಯಾದವರು ಹೊರಗಿನವರು ಎಂಬುದೂ ಅವರಿಗೆ ಕೊಟ್ಟದ್ದು ಕೋಟಿಗಳು ಎಂಬುದೂ ಬೇರೆ ಬೇರೆ ಆಕ್ಷೇಪಗಳಂತೆ ಕಂಡರೂ ಬುಡದಲ್ಲಿ ಒಂದೇ. ಋಣ ಇರುವವರು ದುಡ್ಡು ಕೇಳುವುದಿಲ್ಲ. ಋಣ ಇಲ್ಲದವರಿಗೆ ದುಡ್ಡು ಕೊಡಬೇಕಾಗುತ್ತದೆ. ಹಾಗಿದ್ದ ಮೇಲೆ ಋಣ ಇರುವವರನ್ನು ಬಿಟ್ಟು ಇಲ್ಲದವರನ್ನು ಹುಡುಕಿಕೊಂಡು ಹೋದದ್ದೇಕೆ?

ಈ ನಿಯಮದಲ್ಲಿ ಅಡಗಿರುವ ಅನ್ಯಾಯವನ್ನೂ ಹೇಳಬೇಕು. ಮೂವರೂ ನಾಯಕನಟರು, ಹಣ ಬೇಡವೆನ್ನುವ ಶಕ್ತಿ ಇದ್ದವರು. ಹೆಸರು ಮಾಡಲು ಹೆಣಗುತ್ತಿರುವ ಕನ್ನಡದ ಯುವನಟಿಯೊಬ್ಬರಿಗೆ ಈ ಅವಕಾಶ ಸಿಕ್ಕಿದ್ದರೆ, ಅವರೂ ಪುಕ್ಕಟೆ ಮಾಡಬೇಕೆಂಬ ಒತ್ತಡ ಬೀಳುತ್ತಿತ್ತು. ಎರಡು ವರ್ಷಗಳ ಕಾಲ ಇತರ ಸೋಪು, ಮುಖದ ಕೆನೆಗಳ ಜಾಹೀರಾತನ್ನು ಬಿಟ್ಟುಕೊಡುವುದು ಅವರಿಗೆ ಸಣ್ಣ ತ್ಯಾಗವಲ್ಲ. ನಮ್ಮವರಿಗೆ ಕೊಡಿ ಎಂದು ಕೂಗಿದವರಲ್ಲಿ ಎಷ್ಟು ಮಂದಿ ಅದೇ ಮೊತ್ತವನ್ನು ನಮ್ಮವರಿಗೂ ಕೊಡಿ ಎಂದರು ಎಂಬುದು ಕೇಳಬೇಕಾದ ಪ್ರಶ್ನೆ.

ನಂದಿನಿಯ ಇನ್ನೊಂದು ಪ್ರಸಂಗವೂ ಇಲ್ಲಿ ಉಪಯುಕ್ತ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ನಂದಿನಿ ಪ್ರಾಯೋಜಕತ್ವ ನೀಡಿತು. ಸ್ಕಾಟ್ಲೆಂಡಿನ ಆಟಗಾರರು ಕನ್ನಡ ಅಕ್ಷರಗಳಿದ್ದ ಅಂಗಿ ತೊಟ್ಟು ಆಡಿದ ಚಿತ್ರಗಳನ್ನು ಕನ್ನಡಿಗರು ಸಂಭ್ರಮದಿಂದ ಹಂಚಿಕೊಂಡರು. ಆ ಆಟಗಾರರು ಕನ್ನಡಿಗರಲ್ಲ, ಅಲ್ಲಿ ಹಣವೂ ಖರ್ಚಾಗಿತ್ತು. ಆದರೂ ಅದು ಅವಮಾನವೆನಿಸಲಿಲ್ಲ, ಹೆಮ್ಮೆಯೆನಿಸಿತು. ಹೊರಗಿನವರು ನಮ್ಮ ಗುರುತನ್ನು ಧರಿಸಿದರೆ ಹೆಮ್ಮೆ, ನಮ್ಮ ಗುರುತಿಗೆ ಹೊರಗಿನವರ ಮುಖ ಬೇಕಾಯಿತೆಂದರೆ ಮುಜುಗರ. ಕೆಎಸ್‌ಡಿಎಲ್‌ಗೆ ಸಲಹೆ ಕೊಟ್ಟ ತಜ್ಞರು ಮಾರುಕಟ್ಟೆಗಳ ಅಂಕಿ ಅಂಶಗಳೊಂದಿಗೆ ಈ ಸೂಕ್ಷ್ಮವನ್ನೂ ನೋಡಿದ್ದರೆ, ಅದೇ ನಟಿಯನ್ನು ಇಟ್ಟುಕೊಂಡೇ ಬೇರೆ ರೀತಿಯಲ್ಲಿ ಪ್ರಕಟಣೆ ಹೊರಡಿಸಬಹುದಿತ್ತು.

ಅದೇ ಹೊತ್ತು ಏಕೆ

2006ರಲ್ಲಿ ಇದೇ ಸೋಪಿಗೆ ಮಹೇಂದ್ರ ಸಿಂಗ್ ಧೋನಿ ರಾಯಭಾರಿಯಾಗಿದ್ದರು. ಒಪ್ಪಂದ ಹೆಚ್ಚು ಕಾಲ ಬಾಳಲಿಲ್ಲ ಎಂಬುದು ಬೇರೆ ಮಾತು. ರಾಂಚಿಯ ಆಟಗಾರ ಮೈಸೂರಿನ ಸೋಪಿಗೇಕೆ ಎಂಬ ಪ್ರಶ್ನೆ ಅಂದು ಈ ಮಟ್ಟಕ್ಕೆ ಏಳಲಿಲ್ಲ. ಕ್ರಿಕೆಟ್ ಆಟಗಾರನನ್ನು ದೇಶದವನೆಂದೂ ಚಿತ್ರನಟಿಯನ್ನು ಒಂದು ಭಾಷೆಯವಳೆಂದೂ ಎಣಿಸುವ ರೂಢಿ ಒಂದು ಕಾರಣವಿರಬಹುದು. ಮುಖ್ಯ ಕಾರಣ ನಡುವಿನ ಎರಡು ದಶಕಗಳು.

ಆ ಎರಡು ದಶಕಗಳಲ್ಲಿ ಬೆಂಗಳೂರಿನ ಭಾಷೆಯ ಪ್ರಶ್ನೆ ಸರಕುಗಳ ಒಳಕ್ಕೆ ಇಳಿದಿದೆ. 2023ರ ಏಪ್ರಿಲ್‌ನಲ್ಲಿ, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ಅಮೂಲ್ ಬೆಂಗಳೂರಿನಲ್ಲಿ ಹಾಲು ಮೊಸರನ್ನು ಆನ್‌ಲೈನ್ ಮೂಲಕ ಮಾರುವುದಾಗಿ ಪ್ರಕಟಿಸಿದಾಗ ನಂದಿನಿಯ ಪರವಾಗಿ ಎದ್ದ ದನಿ ರಾಜಕೀಯವನ್ನೇ ಅಲುಗಿಸಿತು, ನಗರದ ಹೋಟೆಲ್ ಮಾಲೀಕರ ಸಂಘವೂ ನಂದಿನಿಯ ಬೆನ್ನಿಗೆ ನಿಂತಿತು. 2024ರ ಫೆಬ್ರುವರಿಯಲ್ಲಿ ಅಂಗಡಿ ಮುಂಗಟ್ಟುಗಳ ಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕೆಂಬ ತಿದ್ದುಪಡಿಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ತಮನ್ನಾ ಅವರ ನೇಮಕದ ಸುದ್ದಿ ಬಂದ ಮೇ ತಿಂಗಳು ಅದರಲ್ಲೂ ಕಾವೇರಿದ್ದ ತಿಂಗಳು. ಬೆಂಗಳೂರಿನ ಸಂಗೀತ ಕಾರ್ಯಕ್ರಮವೊಂದರಲ್ಲಿ ಹಿಂದಿ ಗಾಯಕರೊಬ್ಬರು ಆಡಿದ ಮಾತು ಪೊಲೀಸ್ ಠಾಣೆಯವರೆಗೆ ಹೋಗಿತ್ತು, ನಗರದ ಹೊರವಲಯದ ಬ್ಯಾಂಕ್ ಶಾಖೆಯೊಂದರ ವ್ಯವಸ್ಥಾಪಕಿ ಕನ್ನಡ ಮಾತನಾಡಲು ನಿರಾಕರಿಸಿದ ದೃಶ್ಯ ಅದೇ ವಾರ ಹರಿದಾಡಿ ಮುಖ್ಯಮಂತ್ರಿಗಳೂ ಪ್ರತಿಕ್ರಿಯೆ ನೀಡಿದ್ದರು. ಬ್ಯಾಂಕಿನಲ್ಲಿ ಕನ್ನಡ ಕೇಳಿ ಪಡೆಯಬೇಕಾದ ಸ್ಥಿತಿ ಇರುವಾಗ, ಸರ್ಕಾರವೇ ನಡೆಸುವ, ಹೆಸರಿನಲ್ಲೇ ಮೈಸೂರು ಇರುವ ಸೋಪಿನಲ್ಲಾದರೂ ಕೇಳದೆ ಕನ್ನಡ ಸಿಗಬೇಕು ಎಂಬ ನಿರೀಕ್ಷೆ ಸಹಜವಾಗಿತ್ತು.

ನಾಲ್ವಡಿಯವರ ವಂಶದವರೂ ಮೈಸೂರಿನ ಸಂಸದರೂ ಆದ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಅವರೂ ನಿರ್ಧಾರವನ್ನು ವಿರೋಧಿಸಿದರು. ಅವರು ವಿರೋಧ ಪಕ್ಷದವರಾದ್ದರಿಂದ ಅದನ್ನು ರಾಜಕೀಯವೆಂದು ಬದಿಗಿಡಬಹುದು. ಆದರೆ ಸೋಪಿನ ವಿಷಯದಲ್ಲಿ ಅರಮನೆಯ ಮಾತಿಗೆ ಇಂದಿಗೂ ಬೆಲೆಯಿದೆ ಎಂಬುದೇ ಗಮನಿಸಬೇಕಾದ ಸಂಗತಿ. ಸಂಸ್ಥಾನ ಹೋಯಿತು, ಸರ್ಕಾರಗಳು ಬದಲಾದವು, ಕಂಪನಿಯ ಹೆಸರೇ ಬದಲಾಯಿತು. ಶರಭದ ಚಿತ್ರವಿರುವ ಪೊಟ್ಟಣ ಮಾತ್ರ, ಆಳುವವರು ಪ್ರಜೆಗಳಿಗಾಗಿ ಕಾರ್ಖಾನೆ ಕಟ್ಟುತ್ತಿದ್ದ ಕಾಲವೊಂದಿತ್ತು ಎಂಬ ನಂಬಿಕೆಯನ್ನು ಇನ್ನೂ ಹೊತ್ತು ತಿರುಗುತ್ತಿದೆ. ಆ ನಂಬಿಕೆಯಲ್ಲಿ ಉತ್ಪ್ರೇಕ್ಷೆ ಇದೆ; ಖಜಾನೆಯ ವರಮಾನದ ಚಿಂತೆಯೂ ಕಾರ್ಖಾನೆಯ ತಳಹದಿಯಲ್ಲಿತ್ತು ಎಂಬುದನ್ನು ಮೇಲೆಯೇ ನೋಡಿದೆವು. ಸರಕಿನ ಮಟ್ಟಿಗೆ ಉತ್ಪ್ರೇಕ್ಷೆಯೂ ಬಂಡವಾಳವೇ. ₹5,000 ಕೋಟಿಯ ಕಡೆ ಹೊರಟ ಕಂಪನಿಗೆ ಹೊರರಾಜ್ಯಗಳಲ್ಲಿ ಮಾರಲು ಇದಕ್ಕಿಂತ ಒಳ್ಳೆಯ ಕಥೆ ಬೇರೆ ಇಲ್ಲ.

ಯಾರೂ ಕೇಳದ ಎರಡು ಪ್ರಶ್ನೆಗಳು

ವಿವಾದದಲ್ಲಿ ಏನು ಕೇಳಿಸಲಿಲ್ಲ ಎಂಬುದೂ ಮೌಲ್ಯಗಳ ಬಗ್ಗೆ ಹೇಳುತ್ತದೆ. ಆಯ್ಕೆಯಾದ ನಟಿಯನ್ನು ದಕ್ಷಿಣದ ಚಿತ್ರಪತ್ರಿಕೆಗಳು ಬಹುಕಾಲದಿಂದ ‘ಮಿಲ್ಕಿ ಬ್ಯೂಟಿ’ ಎಂದು ಕರೆಯುತ್ತ ಬಂದಿವೆ. ಗಂಧದ ಸೋಪು ಮಾರಿಕೊಂಡದ್ದು ಪರಿಮಳವನ್ನು, ಶುದ್ಧತೆಯನ್ನು. ಬಿಳುಪು ಅದರ ಮುಖ್ಯ ಭರವಸೆಯಾಗಿರಲಿಲ್ಲ. ಅಂಥ ಸೋಪಿಗೆ ಬಿಳುಪಿಗೇ ಹೆಸರಾದ ಮುಖವೊಂದು ಬಂದಾಗ, ಚರ್ಮದ ಬಣ್ಣದ ಬಗ್ಗೆ ಈ ನಾಡಿನ ಸರ್ಕಾರಿ ಕಂಪನಿ ಏನು ಹೇಳಹೊರಟಿದೆ ಎಂಬ ಪ್ರಶ್ನೆ ಚರ್ಚೆಯ ನಡುವಿಗೆ ಬರಬೇಕಾಗಿತ್ತು. ಬರಲಿಲ್ಲ. ಬದಲಿಗೆ ಸೂಚಿಸಲ್ಪಟ್ಟ ಕನ್ನಡದ ನಟಿಯರ ಹೆಸರುಗಳನ್ನು ನೋಡಿದರೆ, ಭಾಷೆ ಬದಲಾಗಿತ್ತೇ ಹೊರತು ಚೆಲುವಿನ ಅಳತೆಗೋಲು ಬದಲಾಗಿರಲಿಲ್ಲ. ಭಾಷೆಯ ವಿಷಯದಲ್ಲಿ ಅಷ್ಟು ಎಚ್ಚರವಾಗಿದ್ದ ಜನ ಬಣ್ಣದ ವಿಷಯದಲ್ಲಿ ಕಂಪನಿಯೊಂದಿಗೆ ಪೂರ್ತಿ ಒಪ್ಪಿಕೊಂಡಿದ್ದರು ಎನ್ನಬೇಕಾಗುತ್ತದೆ.

ಎರಡನೆಯ ಪ್ರಶ್ನೆ ಮರದ್ದು. ನಮ್ಮ ಗಂಧ, ನಮ್ಮ ಸೋಪು ಎಂಬ ಮಾತು ದಿನವಿಡೀ ಕೇಳಿಸಿದರೂ ಗಂಧ ಬೆಳೆಯುವವರ ಸುದ್ದಿ ಎಲ್ಲಿಯೂ ಬರಲಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ, ಸಂಸ್ಥಾನದ ಕಾಲವನ್ನೂ ದಾಟಿ, ರೈತನ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ಆಳುವವರ ಸ್ವತ್ತೇ ಆಗಿತ್ತು. ತನ್ನದಲ್ಲದ ಮರವನ್ನು ಕಾಯುವ ಹೊಣೆ ಮಾತ್ರ ತನ್ನ ಮೇಲೆ ಬೀಳುವುದೆಂದು ಎಷ್ಟೋ ರೈತರು ಸಸಿಯನ್ನು ಚಿಗುರಿನಲ್ಲೇ ಕಿತ್ತುಹಾಕುತ್ತಿದ್ದರು. ಕಾಡಿನ ಮರಗಳನ್ನು ಕಳ್ಳಸಾಗಣೆಗಾರರು ಬರಿದು ಮಾಡಿದರು. 2001ರ ತಿದ್ದುಪಡಿ ಬಂದ ಮೇಲೆ ಭೂಮಿಯ ಒಡೆಯ ಮರಕ್ಕೂ ಒಡೆಯನಾದ, ಆದರೂ ಅದನ್ನು ಮಾರುವಾಗ ಅರಣ್ಯ ಇಲಾಖೆ ಮತ್ತು ಕೆಎಸ್‌ಡಿಎಲ್‌ನಂಥ ಸರ್ಕಾರಿ ಸಂಸ್ಥೆಗಳ ಬಾಗಿಲಿಗೇ ಹೋಗಬೇಕೆಂಬ ಕಟ್ಟು ಉಳಿಯಿತು. ತಿರುಳು ಬಲಿಯಲು ಹದಿನೈದು ವರ್ಷವಾದರೂ ಬೇಕಾಗುವ ಮರವನ್ನು ನೆಟ್ಟು, ರಾತ್ರಿ ಕಳ್ಳರಿಗೆ ಕಾವಲು ಕೂರುವ ಬೆಳೆಗಾರನ ಎಣಿಕೆಯಲ್ಲಿ ರಾಯಭಾರಿ ಯಾರೆಂಬುದು ಬಹಳ ಕೆಳಗಿನ ಸಂಗತಿ. ಕೆಎಸ್‌ಡಿಎಲ್ ಕೊಡುವ ದರ, ಹಣ ಕೈಸೇರುವ ಅವಧಿ, ಮರ ಕಳುವಾದರೆ ಪರಿಹಾರ ಇವು ಅವನ ಪ್ರಶ್ನೆಗಳು. ₹6.20 ಕೋಟಿಯ ಬಗ್ಗೆ ನಡೆದ ಚರ್ಚೆಯಲ್ಲಿ ಆ ಮೊತ್ತವನ್ನು ಬೆಳೆಗಾರರಿಗೆ ಕೊಡುವ ದರದ ಪಕ್ಕದಲ್ಲಿಟ್ಟು ನೋಡಬೇಕೆಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ.